ಕರೆಂಟು ಬಂದ ಕೂಡಲೇ

ಕರೆಂಟು ಹೋಗುವುದು ಯಾರಿಗೂ ಹೊಸದಲ್ಲ. ಹೋಗುತ್ತದೆ, ಬೈದುಕೊಳ್ಳುತ್ತೇವೆ, ಬರುತ್ತದೆ, ಮರೆಯುತ್ತೇವೆ. ಆದರೆ ಆ ಬೇಸಿಗೆಯಲ್ಲಿ ಟೀಚರಮ್ಮನ ಮನೆಯ ಕಥೆಯೇ ಬೇರೆ. ಅಲ್ಲಿ ಕರೆಂಟು ಹೋದಾಗಲೆಲ್ಲ ಅದರ ಬೆನ್ನಿಗೇ ಕಂಪ್ಯೂಟರೂ ಹೋಗುತ್ತಿತ್ತು. ಕರೆಂಟೇನೋ ಮರ್ಯಾದೆಯಾಗಿ ವಾಪಸು ಬರುತ್ತಿತ್ತು, ಕಂಪ್ಯೂಟರು ಬರುತ್ತಿರಲಿಲ್ಲ. ಗುಂಡಿ ಒತ್ತಿದರೆ ಉಸಿರಿಲ್ಲ, ಬೆಳಕಿಲ್ಲ. ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಸಣ್ಣ ಬರಹ ಅತ್ತಿಂದಿತ್ತ ತೇಲಾಡಿ, ಕೊನೆಗೆ ಅದೂ ಬೇಸರಪಟ್ಟುಕೊಂಡು ಆರಿಹೋಗುತ್ತಿತ್ತು.

ಟೀಚರಮ್ಮ ಎಂದರೆ ಶಾಲೆಯ ಟೀಚರಲ್ಲ, ಟೈಪಿಂಗ್ ಕಲಿಸುತ್ತಿದ್ದವರು. ಆ ಬಡಾವಣೆಯ ಅರ್ಧಕ್ಕರ್ಧ ಗುಮಾಸ್ತರು ಅವರ ಕೈಕೆಳಗೆ ಬೆರಳು ನೋಯಿಸಿಕೊಂಡವರೇ. ಕೀಲಿಮಣೆಯ ಮೇಲೆ ಕರವಸ್ತ್ರ ಹೊದಿಸಿ, “ಕಣ್ಣು ಕಾಗದದ ಮೇಲಿರಲಿ, ಬೆರಳಿಗೆ ತನ್ನ ಜಾಗ ಗೊತ್ತಿದೆ” ಎಂದು ಗದರುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿದು, ಕ್ಲಾಸು ಮುಚ್ಚಿ, ಮಿಷನ್ನುಗಳೆಲ್ಲ ಗುಜರಿಗೆ ಹೋದ ಮೇಲೆ, ಮನೆಯ ಹಾಲಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರು ಇಟ್ಟುಕೊಂಡು ಊರವರ ಕೈಬರಹವನ್ನು ಟೈಪು ಮಾಡಿಕೊಡುತ್ತಿದ್ದರು. ಸದ್ಯಕ್ಕೆ ಕೈಯಲ್ಲಿದ್ದದ್ದು ಔಷಧಿ ಅಂಗಡಿಯ ಯಜಮಾನರ ಆತ್ಮಕಥೆ. ಬದುಕಿಡೀ ಡಾಕ್ಟರುಗಳ ಚೀಟಿ ಓದಿ ಓದಿ ಆ ಮನುಷ್ಯನ ಅಕ್ಷರವೂ ಅದೇ ದಾರಿ ಹಿಡಿದಿತ್ತು. ಅದನ್ನು ಓದಬಲ್ಲ ಕಣ್ಣು ಊರಿನಲ್ಲಿ ಟೀಚರಮ್ಮನದು ಬಿಟ್ಟರೆ ಇನ್ನೊಂದಿರಲಿಲ್ಲ, ಬರೆದವರ ಕಣ್ಣನ್ನೂ ಸೇರಿಸಿ.

ಅವರ ಗಂಡನನ್ನು ಎಲ್ಲರೂ ಆಪರೇಟರು ಎನ್ನುತ್ತಿದ್ದರು. ಟಾಕೀಸಿನ ಮಿಷನ್ ರೂಮಿನಲ್ಲಿ ನಿಂತು ಸಿನಿಮಾ ಓಡಿಸುತ್ತಿದ್ದವರು. ಟಾಕೀಸು ಈಗ ಟೈಲ್ಸ್ ಗೋಡೌನಾಗಿದೆ. ಆಪರೇಟರು ಹಾಲಿನ ಬೆತ್ತದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಾರೆ. ಕಾಲಿಗೆ ಮಣೆಯಾಗಿ ಕಂಪ್ಯೂಟರಿನದೇ ಸತ್ತುಹೋದ ಯುಪಿಎಸ್. ಕರೆಂಟು ಹೋದಾಗ ಕಂಪ್ಯೂಟರನ್ನು ಕಾಪಾಡಬೇಕಾದ ಪೆಟ್ಟಿಗೆ ಅದು. ಬ್ಯಾಟರಿ ಕೈಕೊಟ್ಟ ಮೇಲೆ ಹೀಗಾದರೂ ಉಪಯೋಗಕ್ಕೆ ಬರಲಿ ಎಂದು ಅದಕ್ಕೊಂದು ಗವಸು ಹೊಲಿಸಿದ್ದರು.

ಇನ್ನು ಬ್ರಷ್ಷು. ಬ್ರಷ್ಷು ಎಂದರೆ ಕಂಪ್ಯೂಟರು ರಿಪೇರಿಯವನು. ಅಂಗಿಯ ಜೇಬಿಗೆ ಪೆನ್ನಿನ ಬದಲು ಬಣ್ಣ ಬಳಿಯುವ ಬ್ರಷ್ಷು ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಯಾವ ಕಂಪ್ಯೂಟರಿಗೆ ಯಾವ ಕಾಯಿಲೆಯೇ ಬರಲಿ, ಮೊದಲು ಧೂಳು ಗುಡಿಸಿದ ಮೇಲೇ ಅವನಿಗೆ ಮಾತು ಹೊರಡುತ್ತಿದ್ದದ್ದು. ಟೀಚರಮ್ಮನ ಹಳೇ ಶಿಷ್ಯ, ಟೈಪಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು. ಇವತ್ತಿಗೂ ಅವರೆದುರು ಕೀಲಿಮಣೆ ಮುಟ್ಟುವಾಗ, ಎರಡೇ ಬೆರಳಿನಲ್ಲಿ ಕುಟ್ಟುವುದು ಕಾಣದಿರಲಿ ಎಂದು ಬೆನ್ನು ಅಡ್ಡ ಹಿಡಿಯುತ್ತಿದ್ದ.

ಮೊದಲ ಸಲ ಬಂದಾಗ ಅವನು ಕಂಪ್ಯೂಟರಿನ ಡಬ್ಬದ ಮಗ್ಗುಲು ಬಿಚ್ಚಿ, ಗುಡಿಸಿ, ಗುಂಡಿ ಒತ್ತಿದ. ಎದ್ದು ಕೂತಿತು.

“ಏನೂ ಆಗಿಲ್ಲ ಮೇಡಂ. ಕರೆಂಟು ವಾಪಸ್ ಬರೋವಾಗ ಜೋರಾಗಿ ನುಗ್ಗುತ್ತೆ, ಅದಕ್ಕೆ ಗಾಬರಿಯಾಗುತ್ತೆ, ಅಷ್ಟೇ. ಒಂದು ಮಾತು ನೆನಪಿಟ್ಕೊಳ್ಳಿ. ಕರೆಂಟು ಬಂದ ಮೇಲೆ ಒಂದೇ ಒಂದ್ಸಲ ಒತ್ತಿ. ಏಳಲಿಲ್ಲ ಅಂದ್ರೆ ಮತ್ತೆ ಮತ್ತೆ ಕುಟ್ಟಬೇಡಿ, ಬೋರ್ಡು ಸುಟ್ಟುಹೋಗುತ್ತೆ. ಪ್ಲಗ್ ಕಿತ್ತು ಅದರ ಪಾಡಿಗೆ ಅದನ್ನ ಬಿಟ್ಬಿಡಿ. ತಣ್ಣಗಾಗಲಿ.”

ಟೀಚರಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹೆಂಗಸು. ಕರೆಂಟು ಹೋಯಿತೋ, ಮೊದಲು ಪರದೆಯ ಸ್ವಿಚ್ಚು ಆರಿಸುವುದು. ಆಮೇಲೆ ಹಿಂದಿನ ಬಾಲ್ಕನಿಗೆ ಹೋಗಿ ಗಾಳಿಗೆ ಕೂರುವುದು. ಕರೆಂಟು ಬಂದದ್ದು ತಿಳಿಯಲು ದೀಪ ನೋಡಬೇಕಾಗಿರಲಿಲ್ಲ. ಅವರದು ಮೇಲಿನ ಮನೆ, ಕೆಳಗೆ ಬಡಗಿಯ ಕಾರ್ಖಾನೆ. ಕರೆಂಟು ಬಂದ ಮರುಕ್ಷಣವೇ ಅಲ್ಲಿಯ ಗರಗಸದ ಮಿಷನ್ನು ಕಿರುಚಿಕೊಂಡು, ಮೇಲೆ ಇವರ ನೆಲವೆಲ್ಲ ಜುಮ್ಮೆನ್ನುತ್ತಿತ್ತು. ಆಗ ಎದ್ದು ಒಳಗೆ ಬಂದು, ಬಗ್ಗಿ, ಮೇಜಿನ ಕೆಳಗಿನ ಡಬ್ಬದ ಗುಂಡಿ ಒತ್ತುವುದು. ಆ ಗುಂಡಿಯೊಳಗಿನ ಪುಟ್ಟ ದೀಪ ಎಂದೋ ಸುಟ್ಟುಹೋಗಿತ್ತು. ಗರಗಸದ ಗಲಾಟೆಯಲ್ಲಿ ಡಬ್ಬದೊಳಗಿನ ಫ್ಯಾನು ತಿರುಗಿತೋ ಬಿಟ್ಟಿತೋ ಕೇಳುವಂತಿರಲಿಲ್ಲ. ಆದ್ದರಿಂದ ಒತ್ತಿದ ಮೇಲೆ ಪರದೆ ಹಾಕಿ ಕಾಯುವುದು. ಎಲ್ಲವೂ ಕ್ರಮಪ್ರಕಾರ. ಆದರೂ ಆ ದರಿದ್ರದ್ದು ಏಳುತ್ತಿರಲಿಲ್ಲ.

ಪ್ಲಗ್ಗು ಕಿತ್ತು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದುಬಿಡುತ್ತಿತ್ತು. ಅದರಿಂದ ಸಮಾಧಾನಕ್ಕಿಂತ ತಲೆಬಿಸಿಯೇ ಹೆಚ್ಚು. ಕೆಟ್ಟದ್ದು ಕೆಟ್ಟೇ ಇರಬೇಕು, ಸರಿ ಇರುವುದು ಸರಿಯಾಗಿರಬೇಕು. ಇದೆಂಥ ಬೆಡಗು?

ಬ್ರಷ್ಷು ಎರಡನೇ ಸಲ ಬಂದು ಡಬ್ಬವನ್ನು ಅಂಗಡಿಗೇ ಹೊತ್ತೊಯ್ದ. ಅಲ್ಲಿ ಬೇಕೆಂದೇ ಕರೆಂಟು ತೆಗೆದು ಹಾಕಿ, ತೆಗೆದು ಹಾಕಿ ನೋಡಿದ. ಒಂದು ಸಲವೂ ಹಠ ಮಾಡಲಿಲ್ಲ. ಯಾವುದಕ್ಕೂ ಇರಲಿ ಎಂದು ಕರೆಂಟು ಹಂಚುವ ಪೆಟ್ಟಿಗೆಯನ್ನು ಬದಲಾಯಿಸಿ ತಂದಿಟ್ಟ. ಮಾರನೇ ದಿನ ಕರೆಂಟು ಹೋಗಿ ಬಂತು, ಕಂಪ್ಯೂಟರು ಬರಲಿಲ್ಲ. ಮೂರನೇ ಸಲ ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ ಬದಲಾಯಿಸಿದ. ಒಳಗಿನ ಹಸಿರು ಪಟ್ಟಿಗಳನ್ನು ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಎರಡು ದಿನ ಕರೆಂಟೇ ಹೋಗಲಿಲ್ಲ, ಎಲ್ಲರೂ ಖುಷಿಯಾಗಿದ್ದರು. ಮೂರನೇ ದಿನ ಹೋಯಿತು.

ನಾಲ್ಕನೇ ಸಲ ಬಂದವನು ಬ್ರಷ್ಷನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

“ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಗುಂಡಿ ಒತ್ತಿದ್ದು ಗ್ಯಾರಂಟಿನಾ?”

ಯಾರು ಯಾರನ್ನು ಕೇಳುವ ಮಾತು ಇದು! ಟೀಚರಮ್ಮನಿಗೆ ಕೋಪ ಅಂಗಾಲಿನಿಂದ ನೆತ್ತಿಗೆ ಏರಿತು. ಕಣ್ಣು ಮುಚ್ಚಿ ಆತ್ಮಕಥೆ ಟೈಪು ಮಾಡುವ ಬೆರಳು, ಅಷ್ಟಗಲದ ಒಂದು ಗುಂಡಿಯನ್ನು ತಪ್ಪಿಸೀತೇ?

“ಏನೋ, ಗುಂಡಿ ಒತ್ತೋದನ್ನ ನನಗೆ ಹೇಳಿಕೊಡ್ತೀಯಾ? ಪರೀಕ್ಷೆ ದಿನ ಪೇಪರನ್ನ ಉಲ್ಟಾ ಸಿಕ್ಕಿಸಿದವನು ನೀನೋ ನಾನೋ?”

“ಅಯ್ಯೋ, ಅದು ಬಿಡಿ ಮೇಡಂ. ನಾನು ಕೇಳಿದ್ದು ಯಾಕಂದ್ರೆ, ಮಿಷನ್ನಲ್ಲಿ ಏನೂ ದೋಷ ಇಲ್ಲ. ಎಲ್ಲಾ ಹೊಸದೇ ಹಾಕಿದ್ದೀನಿ. ಬೇರೆ ಯಾರಾದ್ರೂ ಮುಟ್ತಾರಾ ಇದನ್ನ?”

ಆಪರೇಟರು ಪೇಪರು ಕೆಳಗಿಳಿಸಿದರು. “ನಾನಂತೂ ಅದರ ಹತ್ರ ಸುಳಿಯಲ್ಲಪ್ಪ. ಅದು ಅವಳ ಸಾಮ್ರಾಜ್ಯ.”

ಟೀಚರಮ್ಮ ಅಭ್ಯಾಸಬಲದಿಂದ ಗಂಡನ ಕಿವಿ ನೋಡಿದರು. ಆಪರೇಟರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿದರೆ ಕಿವಿ ಕೆಂಪಗಾಗುತ್ತಿತ್ತು. ಇಸ್ಪೀಟಿನಲ್ಲಿ ಕಳ್ಳಾಟ ಆಡಿದರೂ ಅಷ್ಟೇ, ಟಾಕೀಸಿನ ಗೆಳೆಯರ ಜೊತೆ ಒಂದು ಸಿಗರೇಟು ಸೇದಿ ಬಂದರೂ ಅಷ್ಟೇ. ಬಾಯಿ ಏನು ಬೇಕಾದರೂ ಹೇಳಲಿ, ಕಿವಿ ಹೆಂಡತಿಯ ಪಕ್ಷ. ಅವತ್ತು ಆ ಕಿವಿಗಳು ತಮ್ಮ ಮಾಮೂಲಿ ಬಣ್ಣದಲ್ಲೇ ಇದ್ದವು.

ಬ್ರಷ್ಷು ಹೊರಟುಹೋದ. ಕೋಪವೂ ಸ್ವಲ್ಪ ಹೊತ್ತಿಗೆ ಹೋಯಿತು. ಆದರೆ ಅವನ ಪ್ರಶ್ನೆ ಹೋಗಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಟೀಚರಮ್ಮ ಬೆಳಗಿನದನ್ನು ಮೊದಲಿನಿಂದ ನೆನೆದುಕೊಂಡರು. ಗರಗಸದ ಸದ್ದು ಬಂತು, ಎದ್ದೆ, ಒಳಗೆ ಬಂದೆ, ಬಗ್ಗಿದೆ, ಒತ್ತಿದೆ. ಒತ್ತಿದೆನೇ? ಅಥವಾ ಅದು ನಿನ್ನೆ ಒತ್ತಿದ್ದೋ? ನೆನೆದಷ್ಟೂ ಎಲ್ಲ ದಿನಗಳೂ ಒಂದರ ಮೇಲೊಂದು ಕೂತು ಮಸುಕಾದವು. ತಲೆ ಮೊಸರುಗಡಿಗೆಯಾಯಿತು.

ಅವರು ಹೆದರಿದ್ದಕ್ಕೆ ಕಾರಣವಿತ್ತು. ಇದೇ ವಯಸ್ಸಿನಲ್ಲಿ ಅವರ ಅಮ್ಮನಿಗೆ ಮರೆವು ಹಿಡಿದದ್ದು. ಮಡಚಿಟ್ಟ ಟವೆಲನ್ನು ಬಿಚ್ಚಿ ಮತ್ತೆ ಮಡಚುವುದರಿಂದ ಶುರುವಾಗಿತ್ತು. ಮನೆಮಂದಿಯೆಲ್ಲ ನಕ್ಕಿದ್ದರು, ಟೀಚರಮ್ಮನೂ. ಕೊನೆಗೊಂದು ದಿನ ಅಮ್ಮ, ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದು, “ನೀವು ಯಾರ ಮನೆಯವರು? ತುಂಬಾ ಒಳ್ಳೆಯವರು” ಎಂದಿದ್ದರು. ಆ ಬಾಚಣಿಗೆಯನ್ನು ಟೀಚರಮ್ಮ ಇವತ್ತಿಗೂ ಬಳಸುವುದಿಲ್ಲ, ಬಿಸಾಡುವುದೂ ಇಲ್ಲ.

ಈಗ ಹಿಂತಿರುಗಿ ನೋಡಿದರೆ ಕಂಪ್ಯೂಟರೊಂದೇ ಅಲ್ಲ. ಮೊನ್ನೆ ಸಕ್ಕರೆ ಡಬ್ಬಿ ಬಟ್ಟೆಯ ಬೀರುವಿನಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ಮೇಲೆ ಸಿಕ್ಕಿತ್ತು. “ನೀನೇ ಇಟ್ಟಿರ್ತೀಯ ಮಾರಾಯ್ತಿ, ಇನ್ಯಾರು ಇಡ್ತಾರೆ” ಎಂದಿದ್ದರು ಆಪರೇಟರು. ಅದಕ್ಕೂ ಹಿಂದೆ ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಟ್ಯಾಂಕೆಲ್ಲ ಖಾಲಿಯಾಗಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮುಂಬಾಗಿಲು ಹಾರುಹೊಡೆದಿತ್ತು. ಇದ್ದದ್ದು ಇಬ್ಬರೇ. ಆಪರೇಟರು ಆಣೆ ಮಾಡಿದಂತೆ ನಾನಲ್ಲ ಎನ್ನುತ್ತಿದ್ದರು, ಅವರ ಕಿವಿಯೂ ಅಲ್ಲ ಎನ್ನುತ್ತಿತ್ತು. ಅಂದ ಮೇಲೆ ಉಳಿದದ್ದು ಯಾರು?

ಬೇರೆ ಊರಿನಲ್ಲಿದ್ದ ಮಗಳ ಹತ್ತಿರ ಫೋನಿನಲ್ಲಿ ತಮಾಷೆಯ ಧಾಟಿಯಲ್ಲೇ ಇದನ್ನು ಹೇಳಿದರು. ಮಗಳು ನಗಲಿಲ್ಲ.

“ಅಮ್ಮಾ, ಅಜ್ಜಿಗೂ ಹೀಗೇ ಅಲ್ವಾ ಶುರುವಾಗಿದ್ದು? ಒಬ್ಬರು ಒಳ್ಳೇ ಡಾಕ್ಟರಿದ್ದಾರೆ. ಸೋಮವಾರಕ್ಕೆ ಹೇಳಿಡ್ತೀನಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ.”

“ಗುಂಡಿ ಒತ್ತೋಕೆ ಮರೆತರೆ ಡಾಕ್ಟರ ಹತ್ರ ಹೋಗಬೇಕೇನೇ?” ಎಂದರು ಟೀಚರಮ್ಮ.

ಆ ರಾತ್ರಿ ದಿಂಬಿನ ಮೇಲೆ ಹತ್ತೂ ಬೆರಳಿಟ್ಟು, ಕ್ಲಾಸಿನ ಮೊದಲ ಪಾಠವನ್ನು ಕುಟ್ಟಿ ನೋಡಿದರು. ಬೆರಳು ಒಂದೂ ತಪ್ಪಲಿಲ್ಲ. ಆದರೆ ಬೆರಳು ತಪ್ಪದಿದ್ದರೆ ತಲೆ ತಪ್ಪಿಲ್ಲವೆಂದು ಹೇಳುವುದು ಹೇಗೆ? ಅಮ್ಮನೂ ಕೊನೆಯವರೆಗೆ ಟವೆಲನ್ನು ಮಾತ್ರ ಅಂಚಿಗೆ ಅಂಚು ಕೂಡಿಸಿ ಚೊಕ್ಕವಾಗಿ ಮಡಚುತ್ತಿದ್ದರಲ್ಲ.

ಟೈಪಿಂಗ್ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಹುಡುಗರು ನಾನು ಸರಿಯಾದ ಬೆರಳಲ್ಲೇ ಒತ್ತಿದೆ ಎಂದು ವಾದಿಸಿದರೆ ಟೀಚರಮ್ಮ ಮಾತಿಗೆ ಮಾತು ಬೆಳೆಸುತ್ತಿರಲಿಲ್ಲ. ಕಾರ್ಬನ್ ಹಾಳೆಯ ಮಸಿಯನ್ನು ಕೀಲಿಗಳಿಗೆ ಉಜ್ಜಿ, ಈಗ ಹೊಡಿ ಎನ್ನುತ್ತಿದ್ದರು. ಆಮೇಲೆ ಬೆರಳು ತೋರಿಸು. ಮಸಿ ಹತ್ತಿದ ಬೆರಳು ಯಾವುದೋ ಅದೇ ಒತ್ತಿದ ಬೆರಳು. ಬೆಳಿಗ್ಗೆ ಎದ್ದವರೇ ಹಳೇ ಟ್ರಂಕು ತಡಕಾಡಿ, ಮುದುರಿಹೋಗಿದ್ದ ಒಂದು ನೀಲಿ ಕಾರ್ಬನ್ ಹಾಳೆ ಹುಡುಕಿ ತೆಗೆದರು. ಆಪರೇಟರು ಸ್ನಾನಕ್ಕೆ ಹೋಗಿದ್ದಾಗ ಮೇಜಿನ ಕೆಳಗೆ ಬಗ್ಗಿ ಡಬ್ಬದ ಗುಂಡಿಗೆ ಚೆನ್ನಾಗಿ ಉಜ್ಜಿದರು. ಲೆಕ್ಕ ಸೀದಾ. ಕರೆಂಟು ಹೋಗಿ ಬಂದ ಮೇಲೆ ಬೆರಳು ನೀಲಿಯಾಗಿದ್ದರೆ ನಾನು ಒತ್ತಿದ್ದೇನೆ, ತಪ್ಪು ಮಿಷನ್ನಿನದು. ಬೆರಳು ಬೆಳ್ಳಗೇ ಇದ್ದರೆ ನಾನು ಅಮ್ಮನ ದಾರಿ ಹಿಡಿದಿದ್ದೇನೆ.

ಬೇಡವಾದಾಗ ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು, ಬೇಕಾದ ದಿನ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅಂತೂ ಊಟದ ಹೊತ್ತಿಗೆ ಹೋಯಿತು. ಟೀಚರಮ್ಮ ಪರದೆ ಆರಿಸಿ, ಬಾಲ್ಕನಿಗೆ ಹೋಗಿ, ಪರೀಕ್ಷೆಗೆ ಕೂತ ಹುಡುಗಿಯಂತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಗರಗಸ ಕಿರುಚಿತು. ಎದ್ದರು, ಬಂದರು, ಬಗ್ಗಿದರು, ಒತ್ತಿದರು, ಪರದೆ ಹಾಕಿದರು. ಸಿಗ್ನಲ್ ಇಲ್ಲ.

ಬೆರಳು ನೋಡಿಕೊಂಡರು. ಅಚ್ಚ ನೀಲಿ!

ಅವರಿಗೆ ಕುಣಿಯಬೇಕೆನ್ನಿಸಿತು. ಕಂಪ್ಯೂಟರು ಕೆಟ್ಟಿದೆ ಎಂದು ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಇನ್ನೊಬ್ಬರಿರಲಾರರು. ಬ್ರಷ್ಷಿನ ಮುಖಕ್ಕೆ ಈ ಬೆರಳು ಹಿಡಿಯಬೇಕು, ಮಗಳಿಗೆ ಡಾಕ್ಟರು ಬೇಡವೆಂದು ಹೇಳಬೇಕು ಎಂದುಕೊಳ್ಳುತ್ತ ಅಡುಗೆಮನೆಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಎರಡು ಕಪ್ ಟೀ ಮಾಡಿದರು. ಒಂದನ್ನು ಗಂಡನ ಕೈಗೆ ಕೊಟ್ಟರು.

“ಏನು ವಿಶೇಷ?” ಎಂದರು ಆಪರೇಟರು.

“ಸುಮ್ನೆ. ಕುಡೀರಿ.”

ಆಪರೇಟರು ಕುಡಿದು ಕಪ್ ಕೆಳಗಿಟ್ಟರು. ಬಿಳಿ ಪಿಂಗಾಣಿಯ ಕಪ್. ಅದರ ಮೈಮೇಲೆ, ಹಿಡಿಯ ಪಕ್ಕದಲ್ಲಿ, ಒಂದು ನೀಲಿ ಬೆರಳಚ್ಚು ಕೂತಿತ್ತು.

ಟೀಚರಮ್ಮ ತಮ್ಮ ಕೈ ನೋಡಿಕೊಂಡರು. ಟೀ ಮಾಡುವ ಮೊದಲೇ ಅದನ್ನು ಸೋಪು ಹಾಕಿ ತೊಳೆದುಕೊಂಡಿದ್ದರು. ಗಂಡನ ಕೈ ನೋಡಿದರು. ಬಲಗೈ ತೋರುಬೆರಳ ತುದಿ ನೀಲಿ. ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ತಪ್ಪಾಗಿ ಅರ್ಥವಾಯಿತು. ಓಹೋ! ಇದು ಇವರ ಕಿತಾಪತಿ! ನಾನು ಬರುವ ಮೊದಲೇ ಇವರು ಒತ್ತಿರುತ್ತಾರೆ, ಅದು ಎದ್ದಿರುತ್ತದೆ. ನಾನು ಬಂದು ಒತ್ತಿದರೆ ಎದ್ದದ್ದು ಮಲಗುತ್ತದೆ. ಹೊಸ ಪೆಟ್ಟಿಗೆ, ಹೊಸ ಬ್ಯಾಟರಿ, ನನ್ನ ನಿದ್ದೆ, ಎಲ್ಲ ಇವರ ಒಂದು ಆಟಕ್ಕೆ! ಹೆಂಡತಿ ಹುಚ್ಚಿಯಾಗುವುದನ್ನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾರಲ್ಲ, ಈ ಮನುಷ್ಯನಿಗೆ ಹೃದಯ ಎಂಬುದು ಇದೆಯೇ?

ಆದರೆ ಕಿವಿ? ಕಿವಿ ಯಾಕೆ ಕೆಂಪಾಗಲಿಲ್ಲ? ಇಷ್ಟು ವರ್ಷದ ಮೇಲೆ ಸುಳ್ಳು ಹೇಳುವುದನ್ನು ಕಲಿತುಬಿಟ್ಟರೇ?

ಕೈಯಾರೆ ಹಿಡಿಯಬೇಕು, ಆಮೇಲೆ ಇದೆ ಎಂದು ಹಲ್ಲು ಕಚ್ಚಿ ಕೂತರು. ಕಂಪ್ಯೂಟರು ಆಮೇಲೆ ಎದ್ದರೂ ಆತ್ಮಕಥೆಯ ಒಂದು ಸಾಲೂ ತಲೆಗೆ ಹೋಗಲಿಲ್ಲ. ಇಳಿಹೊತ್ತಿಗೆ ಮತ್ತೆ ಕರೆಂಟು ಹೋದಾಗ, ಎಂದಿನಂತೆ ಪರದೆ ಆರಿಸಿ ಬಾಲ್ಕನಿಯ ಕಡೆ ಹೋದಂತೆ ಮಾಡಿ, ಮಲಗುವ ಕೋಣೆಯ ಬಾಗಿಲ ಪರದೆಯ ಹಿಂದೆ ನಿಂತರು. ಸೆಕೆಗೆ ಬೆವರು ಇಳಿಯಿತು. ಈ ವಯಸ್ಸಿನಲ್ಲಿ ಗಂಡನ ಮೇಲೆ ಪತ್ತೇದಾರಿಕೆ ಮಾಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಕೆಳಗೆ ಗರಗಸ ಕಿರುಚಿತು.

ಆಪರೇಟರು ಎದ್ದರು. ಎದ್ದ ರೀತಿಯೇ ಬೇರೆ. ಮಂಡಿ ಹಿಡಿದುಕೊಂಡು ನರಳುತ್ತ ಏಳುವ ದಿನನಿತ್ಯದ ಮುದುಕರಲ್ಲ ಆಗ ಅವರು. ಪೇಪರು ಕೆಳಗೆ ಬಿತ್ತು, ಅದನ್ನು ನೋಡಲಿಲ್ಲ. ಸರಸರ ಮೇಜಿನ ಹತ್ತಿರ ಹೋಗಿ, ಬಗ್ಗಿ, ಗುಂಡಿ ಒತ್ತಿ, ನೆಟ್ಟಗಾದರು. ಕತ್ತು ಸ್ವಲ್ಪ ಮುಂದೆ ಚಾಚಿ, ಎದುರಿನ ಖಾಲಿ ಗೋಡೆಯನ್ನು ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಏನನ್ನೋ ಕೇಳಿಸಿಕೊಳ್ಳುವವರಂತೆ ಅರೆಗಳಿಗೆ ನಿಂತರು. ಆಮೇಲೆ ನಿಧಾನವಾಗಿ ವಾಪಸು ಬಂದು, ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತು, ಕಾಲಬಳಿ ಬಿದ್ದಿದ್ದ ಪೇಪರನ್ನು ಇದು ಹೇಗೆ ಬಿತ್ತು ಎಂಬಂತೆ ನೋಡಿ ಎತ್ತಿಕೊಂಡರು.

ಬಾಗಿಲ ಪರದೆಯ ಹಿಂದೆ ನಿಂತಿದ್ದ ಟೀಚರಮ್ಮನಿಗೆ ಆ ನಿಲುವು ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಊಟದ ಡಬ್ಬಿ ಹಿಡಿದು ಮಿಷನ್ ರೂಮಿಗೆ ಹೋಗುತ್ತಿದ್ದಾಗ ಕಂಡದ್ದು. ಕರೆಂಟು ಹೋದರೆ ಕೆಳಗೆ ಜನ ಸಿಳ್ಳೆ ಹಾಕಿ, ಕುರ್ಚಿ ಬಡಿದು, ಆಪರೇಟರ ಇಡೀ ವಂಶವನ್ನೇ ಜಾಲಾಡುತ್ತಿದ್ದರು. ಇವರು ಕತ್ತಲಲ್ಲಿ ಮಿಷನ್ನಿನ ಮೇಲೆ ಕೈಯಿಟ್ಟು ನಿಂತಿರುತ್ತಿದ್ದರು. ಕರೆಂಟು ಬಂದ ಕೂಡಲೇ, ದೀಪ ಹೊತ್ತುವ ಮೊದಲೇ ಎನ್ನಬೇಕು, ಕೈ ಆಡಿ ಮಿಷನ್ನು ಓಡುತ್ತಿತ್ತು. ಆಮೇಲೆ ಗೋಡೆಯ ಪುಟ್ಟ ಕಿಂಡಿಗೆ ಕಣ್ಣಿಟ್ಟು, ದೂರದ ಪರದೆಯ ಮೇಲೆ ಚಿತ್ರ ಬಂತೇ, ಸಿಳ್ಳೆ ನಿಂತಿತೇ ಎಂದು ನೋಡುವುದು. “ಬೇರೆ ಟಾಕೀಸಲ್ಲಿ ಜನ ಕಾಯ್ತಾರೆ. ನಮ್ಮಲ್ಲಿ ಕಾಯಲ್ಲ” ಎಂದು ಎದೆಯುಬ್ಬಿಸುತ್ತಿದ್ದರು. ಬದುಕಿನಲ್ಲಿ ಅವರು ಕೊಚ್ಚಿಕೊಂಡದ್ದು ಅದೊಂದನ್ನೇ.

ಟೀಚರಮ್ಮನ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೊರಗೆ ಬಂದರು.

“ರೀ, ಈಗ ಏನ್ ಮಾಡಿದ್ರಿ?”

“ಏನ್ ಮಾಡಿದೆ? ಪೇಪರ್ ಓದ್ತಾ ಇದ್ದೀನಿ.”

“ಎದ್ದಿದ್ರಲ್ಲ?”

“ನಾನಾ? ಇಲ್ವಲ್ಲ. ಕರೆಂಟೇ ಈಗ ಬಂತು. ನೀನು ಮಿಷನ್ ಹಾಕ್ತೀಯೇನೋ ಅಂತ ನೋಡ್ತಿದ್ದೆ.”

ಟೀಚರಮ್ಮ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ಗಂಡನ ಕಿವಿ ನೋಡಿದರು. ಬಲಗಡೆಯದು, ಎಡಗಡೆಯದು. ಕೆಂಪಾಗಲಿ ಎಂದು ಅವರು ಬೇಡಿಕೊಂಡರು. ಒಂದೇ ಒಂದು ಸಲ ಸುಳ್ಳು ಹೇಳಿಬಿಡಿ, ಬೈದು ಜಗಳವಾಡಿ ಮುಗಿಸುತ್ತೇನೆ ಎಂದು ಒಳಗೊಳಗೇ ಅಂಗಲಾಚಿದರು. ಕಿವಿ ಎಂದಿನಂತೆಯೇ ಇದ್ದವು. ಅವು ಸತ್ಯವನ್ನೇ ಹೇಳುತ್ತಿದ್ದವು, ಇಷ್ಟು ದಿನವೂ ಹೇಳಿದ್ದವು.

“ಬೆರಳಿಗೆ ಏನ್ರೀ ಅದು, ನೀಲಿ?”

ಆಪರೇಟರು ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಪೇಪರಿನ ಮಸಿ ಇರಬೇಕು. ಈಗೀಗ ಎಂಥದೋ ಕಳಪೆ ಮಸಿ ಹಾಕ್ತಾರೆ.”

ಸಕ್ಕರೆ ಡಬ್ಬಿ. ಬಚ್ಚಲಿನ ನಲ್ಲಿ. ಹಾರುಹೊಡೆದ ಬಾಗಿಲು. ಒಂದೊಂದಾಗಿ ಎಲ್ಲವೂ ಬಂದು ಟೀಚರಮ್ಮನ ಎದುರು ನಿಂತವು. ತನ್ನ ತಲೆ ಸರಿಯಾಗಿದೆ. ಮಧ್ಯಾಹ್ನ ಅದಕ್ಕೇ ಅಲ್ಲವೇ ಟೀ ಮಾಡಿ ಕುಡಿದದ್ದು? ಈ ಮರೆವು ತನಗೇ ಬಂದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ನೋಡಿಕೊಳ್ಳುವುದು ಏನೆಂದು ಅವರಿಗೆ ಗೊತ್ತಿತ್ತು. ಮರೆಯುವವರಿಗೆ ಒಂದು ದಿನ ಮರೆತದ್ದೂ ಮರೆತುಹೋಗುತ್ತದೆ. ನೋಡಿಕೊಳ್ಳುವವರಿಗೆ ಯಾವುದೂ ಮರೆಯುವುದಿಲ್ಲ.

ಏನು ಮಾಡಲೂ ತೋಚದೆ ಮೇಜಿನ ಹತ್ತಿರ ಹೋಗಿ ಪರದೆಯ ಸ್ವಿಚ್ಚು ಒತ್ತಿದರು. ಕಂಪ್ಯೂಟರು ಎದ್ದಿತ್ತು. ಅರ್ಧಕ್ಕೆ ನಿಂತಿದ್ದ ಆತ್ಮಕಥೆಯ ಕಡತ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಮಿಷನ್ನಿಗೆ ಮೊದಲಿನಿಂದಲೂ ಏನೂ ಆಗಿರಲಿಲ್ಲ.

“ನೋಡು, ನೆಟ್ಟಗಿದೆ!” ಎಂದರು ಆಪರೇಟರು ಕುರ್ಚಿಯಿಂದ. ಆಮೇಲೆ ದನಿ ತಗ್ಗಿಸಿದರು. “ಬೇಜಾರ್ ಮಾಡ್ಕೋಬೇಡ. ನೀನು ಒತ್ತೋಕೆ ಮರೀತಿದ್ದೆ ಅನ್ಸುತ್ತೆ. ಮಗಳು ಫೋನಲ್ಲಿ ನನಗೂ ಹೇಳಿದ್ಲು, ಸೋಮವಾರ ಡಾಕ್ಟರ ಹತ್ರ ಅಂತ. ಹೆದರಬೇಡ ಕಣೇ, ನಾನಿದ್ದೀನಲ್ಲ.”

ಟೀಚರಮ್ಮ ಗಂಡನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತಿತ್ತು.

“ಹೌದು ರೀ, ಮರೀತಿದ್ದೆ ಅಂತ ಕಾಣುತ್ತೆ. ಸೋಮವಾರ ನೀವೂ ಬನ್ನಿ.”

“ಬರದೇ ಇರ್ತೀನಾ? ನಿನ್ನೊಬ್ಬಳನ್ನೇ ಕಳಿಸ್ತೀನಾ?”

“ಡಾಕ್ಟರು ನಿಮ್ಮನ್ನೂ ಒಂದೆರಡು ಪ್ರಶ್ನೆ ಕೇಳಬಹುದು.”

“ಕೇಳ್ಲಿ. ನಿನ್ನ ವಿಷಯ ನನಗೆ ಗೊತ್ತಿಲ್ಲದ್ದು ಏನಿದೆ?”

ಸಂಜೆ ಬ್ರಷ್ಷು ತಾನೇ ಫೋನು ಮಾಡಿದ. ಹೊಸದೊಂದು ಯೋಚನೆ ಹೊಳೆದಿದೆ, ಬೋರ್ಡನ್ನೇ ಬದಲಾಯಿಸಿ ನೋಡೋಣ ಎಂದ. ಟೀಚರಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

“ಏನೂ ಬೇಡಪ್ಪ. ತಪ್ಪು ನಂದೇ. ನಾನೇ ಎರಡೆರಡು ಸಲ ಒತ್ತುತ್ತಿದ್ದೆ. ಒಂದ್ಸಲ ಒತ್ತಿ ಎಬ್ಬಿಸೋದು, ಇನ್ನೊಂದ್ಸಲ ಒತ್ತಿ ಮಲಗಿಸೋದು.”

ಬ್ರಷ್ಷು ಬಹಳ ಮರ್ಯಾದೆಯಿಂದ, “ಹೋಗ್ಲಿ ಬಿಡಿ ಮೇಡಂ, ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ” ಎಂದ. ಅವನ ಪರೀಕ್ಷೆಯ ಪೇಪರಿನ ಮಾತು ಟೀಚರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

ಮಾರನೇ ಬೆಳಿಗ್ಗೆ ಗುಂಡಿಯ ಮೇಲಿನ ಕಾರ್ಬನ್ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ಗಂಡ ಮೂಸಂಬಿ ತಿನ್ನಲು ಕೂತಾಗ ಅವರ ಬೆರಳನ್ನೂ ತಾವೇ ಹಿಡಿದು ಒರೆಸಿದರು. “ಇದೇನು ಉಪಚಾರ?” ಎಂದು ಆಪರೇಟರು ನಕ್ಕರು.

ಹೊತ್ತು ಏರುವಾಗ ಕರೆಂಟು ಹೋಯಿತು. ಟೀಚರಮ್ಮ ಪರದೆ ಆರಿಸಿದರು. ಬಾಲ್ಕನಿಗೆ ಹೋಗಲಿಲ್ಲ. ಕಂಪ್ಯೂಟರಿನ ಎದುರಿನ ಸ್ಟೂಲಿನಲ್ಲೇ, ಹತ್ತೂ ಬೆರಳನ್ನು ಮಡಿಲಲ್ಲಿ ಹೆಣೆದುಕೊಂಡು ಕೂತರು. ಬಹಳ ಹೊತ್ತಿನ ಮೇಲೆ ಕೆಳಗೆ ಗರಗಸ ಕಿರುಚಿತು. ಬೆತ್ತದ ಕುರ್ಚಿ ಕಿರ್ರೆಂದಿತು. ಆಪರೇಟರು ಹೆಂಡತಿಯ ಮಂಡಿಯ ಪಕ್ಕದಲ್ಲೇ ಬಗ್ಗಿ, ಗುಂಡಿ ಒತ್ತಿ, ನೆಟ್ಟಗಾಗಿ, ಗೋಡೆಯನ್ನು ಒಮ್ಮೆ ನೋಡಿ, ಹೋಗಿ ಕೂತರು. ಟೀಚರಮ್ಮ ಕಾಲು ಸರಿಸಿ ಜಾಗ ಮಾಡಿಕೊಟ್ಟರು, ಅಷ್ಟೇ. ಸ್ವಲ್ಪ ತಡೆದು ಪರದೆ ಹಾಕಿದರು. ಬೆಳಕು ಬಂತು.

“ಅಬ್ಬ, ಇವತ್ತು ಒಂದೇ ಸಲಕ್ಕೆ ಎದ್ದಿತಲ್ಲ!” ಎಂದರು ಆಪರೇಟರು ಪೇಪರಿನ ಮೇಲಿನಿಂದ ನೋಡುತ್ತ. “ಮರೀದೆ ಒತ್ತಿದೆ ನೋಡು ನೀನು ಇವತ್ತು.”

“ಹ್ಞೂಂ ರೀ,” ಎಂದರು ಟೀಚರಮ್ಮ. “ಒತ್ತಿದೆ.”